ಅಣ್ಣನ ತಾಟು ಲೀಡ್ಸಿಗೆ ಹೋದದ್ದು

ಯರಗಟ್ಟಿ

ವಿದೇಶಕ್ಕೆ ಹೋಗುವವರು ಏನನ್ನಾದರೂ ನೋಡಲು ಹೋಗುತ್ತಾರೆ. ನಾನು ಮತ್ತು ನಮ್ಮ ಅಣ್ಣ ಹೋದದ್ದು ಒಂದು ಕೆಲಸ ಬಿಡಿಸುವುದಕ್ಕೆ. ಕೆಲಸ ಅವನ ಕಿರಿಯ ಮಗಳು ಶಿವಲೀಲಾಳದ್ದು.

ಅಣ್ಣ ಈರಪ್ಪ ಯರಗಟ್ಟಿಯಲ್ಲಿ ಕಾಳುಕಡಿ ವ್ಯಾಪಾರ ಮಾಡುವವ. ಹೊಲವೂ ಇದೆ, ಹಠವೂ ಇದೆ. ಎರಡೂ ನಮ್ಮಪ್ಪನಿಂದ ಬಂದವು. ಹಂಚಿಕೆಯಲ್ಲಿ ಹಠ ನನಗೂ ಅಷ್ಟಿಷ್ಟು ಬಂತು, ಹೊಲ ಬರಲಿಲ್ಲ. ಶಿವಲೀಲಾ ಇಂಗ್ಲೆಂಡಿನ ಲೀಡ್ಸ್ ಎಂಬ ಊರಿನಲ್ಲಿ ಆಹಾರ ವಿಜ್ಞಾನ ಓದುತ್ತಾಳೆ. ಓದಿನ ಜೊತೆಗೆ ವಾರದಲ್ಲಿ ಕೆಲವು ಸಂಜೆ ಒಂದು ಅಂಗಡಿಯಲ್ಲಿ ದುಡಿಯುತ್ತಾಳೆ. ಅಂಗಡಿಯ ಹೆಸರು ಬೇಡ. ಬನ್ನಿನ ನಡುವೆ ಏನೇನೋ ಇಟ್ಟು ಜಗತ್ತಿಗೆಲ್ಲ ಮಾರುವ ಅಂಗಡಿ ಅದು. ನಾನು ಹೇಳದಿದ್ದರೂ ನಿಮ್ಮ ಮನೆಯ ಮಕ್ಕಳು ಹೇಳಿಯಾರು.

ಊರಲ್ಲಿ ಯಾರಾದರೂ ಕೇಳಿದರೆ ಅಣ್ಣ, "ಅಲ್ಲೇ ಒಂದ ಕಂಪನಿ ಆಫೀಸಿನಾಗ ಅದಾಳ್ರಿ" ಎನ್ನುತ್ತಿದ್ದ. ಆ ಆಫೀಸು ಸವದತ್ತಿಯ ಒಂದು ಮದುವೆಯಲ್ಲಿ ಕುಸಿದುಬಿತ್ತು. ಶಿವಲೀಲಾ ತನ್ನದೊಂದು ಫೋಟೋ ಗೆಳತಿಗೆ ಕಳಿಸಿದ್ದಳು. ತಲೆಗೆ ಟೊಪ್ಪಿಗೆ, ಒಂದು ಕೈಯಲ್ಲಿ ಟೇಬಲ್ಲು ಒರೆಸುವ ಬಟ್ಟೆ, ಇನ್ನೊಂದು ಕೈಯಲ್ಲಿ ಉಂಡು ಬಿಟ್ಟ ಟ್ರೇಗಳ ರಾಶಿ, ಮುಖದ ತುಂಬ ನಗು. ಗೆಳತಿಯ ಫೋನಿನಿಂದ ಹೊರಟ ಆ ಫೋಟೋ ಊಟದ ಪಂಕ್ತಿಯಲ್ಲಿ ಸಾರಿಗಿಂತ ಬೇಗ ಓಡಾಡಿತು. ಅದೇ ಪಂಕ್ತಿಯಲ್ಲಿ ರಾಮದುರ್ಗದವರೂ ಕುಳಿತಿದ್ದರು.

ರಾಮದುರ್ಗದವರು ಎಂದರೆ ಶಿವಲೀಲಾಳನ್ನು ತಮ್ಮ ಮಗ ಮಹಾಂತೇಶನಿಗೆ ಕೇಳಿದ್ದವರು. ಜವಳಿ ಅಂಗಡಿಯ ಮನೆತನ, ಹುಡುಗನೂ ಒಳ್ಳೆಯವ. ಫೋನಿನಲ್ಲಿ ಇಬ್ಬರೂ ಮಾತಾಡಿಕೊಂಡು ಒಪ್ಪಿಯೂ ಆಗಿತ್ತು. ಫೋಟೋ ನೋಡಿದ ಮೇಲೆ ಅವರಿಂದ ಹೇಳಿಕೆ ಬಂತು: "ಓದಲಿ, ಬ್ಯಾಡ ಅನ್ನಂಗಿಲ್ಲ. ಆದರ ಮಂದಿ ಎಂಜಲಾ ಎತ್ತು ಕೆಲಸ ಬಿಡಿಸ್ರಿ. ಬಿಡಿಸಿದ ಮ್ಯಾಲ ಮುಂದಿನ ಮಾತ."

ಅಣ್ಣ ಮಗಳಿಗೆ ಫೋನು ಹಚ್ಚಿದ. ಅವಳು ಸಮಾಧಾನವಾಗಿಯೇ ಹೇಳಿದಳು: "ಹುಡುಗಗ ಹೂಂ ಅಂದೇನ್ರಿ ಅಪ್ಪಾ. ಕೆಲಸಾ ಬಿಡಾಕ ಹೂಂ ಅಂದಿಲ್ಲ."

"ಫೋನಿನಾಗ ಕೇಳಂಗಿಲ್ಲ ಅಕಿ" ಎಂದ ಅಣ್ಣ, ನನ್ನ ಕಡೆ ತಿರುಗಿ. "ಎದುರಿಗೆ ಹೋಗಿ ನಿಂತ್ರ ಕೇಳತಾಳ. ನೀನೂ ಬಾ ಕಮಲಾ. ನಿನಗ ಇಂಗ್ಲಿಷ್ ಬರತೈತಿ."

ಬರುತ್ತದೆ ಎಂದೇ ನಾನೂ ನಂಬಿದ್ದೆ. ಬೈಲಹೊಂಗಲದ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿಯೇ ನಿವೃತ್ತಳಾದವಳು. ಆದರೆ ಆ ಇಂಗ್ಲಿಷನ್ನು ಇಂಗ್ಲಿಷರ ಮೇಲೆ ಪ್ರಯೋಗಿಸಿ ನೋಡಿರಲಿಲ್ಲ.

ಹೊರಡುವ ದಿನ ಅಣ್ಣನ ಪೆಟ್ಟಿಗೆಯಲ್ಲಿ ಅಂಗಿಗಿಂತ ಕಡಕ ರೊಟ್ಟಿ ಹೆಚ್ಚಿದ್ದವು. ಮೇಲೆ ಶೇಂಗಾ ಚಟ್ನಿ, ಅದರ ಮೇಲೆ ಅವನ ಸ್ಟೀಲಿನ ತಾಟು. ಅಣ್ಣ ಎಲ್ಲಿ ಹೋದರೂ ಆ ತಾಟಿನಲ್ಲೇ ಉಣ್ಣುವವ. ಚಿಕ್ಕಂದಿನಲ್ಲಿ ಮಠದಲ್ಲಿದ್ದು ಓದಿದವನು. ಅಲ್ಲಿ ಒಂದಗಳು ಬಿಟ್ಟರೂ ಹಿರಿಯರು ಏಳಗೊಡುತ್ತಿರಲಿಲ್ಲವಂತೆ. ಊಟವಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದೇ ಏಳಬೇಕು. ಪ್ರಸಾದ ನೆಲಕ್ಕೆ ಹೋಗಬಾರದು. ಅಣ್ಣ ಇವತ್ತಿಗೂ ಹಾಗೆಯೇ ಮಾಡುತ್ತಾನೆ. ಶ್ರಾವಣದಲ್ಲಿ ಒಂದು ದಿನ ಮಠದ ದಾಸೋಹಕ್ಕೆ ಹೋಗಿ ಊರ ಜನ ಉಂಡ ಎಲೆಗಳನ್ನು ತಾನೇ ಎತ್ತಿ ಬರುತ್ತಾನೆ. ಆ ಸೇವೆಗೆ ಅಲ್ಲಿ ಪೈಪೋಟಿ ಉಂಟು, ನಸುಕಿನಲ್ಲೇ ಹೋಗದಿದ್ದರೆ ಸಿಗುವುದಿಲ್ಲ.

ಬಾಗಿಲಲ್ಲಿ ನಿಂತ ವೈನಿ, ಎಂದರೆ ಅಣ್ಣನ ಹೆಂಡತಿ, ನನ್ನ ಕೈ ಹಿಡಿದು ಚಿಂತೆಯಿಂದ ಕೇಳಿದಳು: "ಅಲ್ಲಿ ಇವರ ತಾಟ ಯಾರ ಎತ್ತತಾರ?"

"ನಾ ಅದೇನಲ್ಲ, ಎತ್ತತೇನಿ" ಎಂದೆ. ಅವಳಿಗೆ ಸಮಾಧಾನವಾಯಿತು.

ಮೊದಲು ಹುಬ್ಬಳ್ಳಿಯ ಮಾತು

ವಿಮಾನ ಹತ್ತುವ ಮುಂಚೆ ಒಂದು ವಿಷಯ ಹೇಳಿಬಿಡಬೇಕು. ಆ ಅಂಗಡಿಗೂ ನನಗೂ ಬಹಳ ಹಳೆಯ ಸಂಬಂಧ. ಹಗೆಯಿಂದ ಶುರುವಾದದ್ದು.

ಅದು ನಮ್ಮ ದೇಶಕ್ಕೆ ಹೊಸದಾಗಿ ಬಂದ ಕಾಲದಲ್ಲಿ ನಾನೂ ನಮ್ಮ ಯಜಮಾನರೂ ಮುಂಬಯಿಗೆ ಹೋಗಿದ್ದೆವು. ಗಾಜಿನ ಬಾಗಿಲು ತಳ್ಳಿ ಒಳಗೆ ಹೋಗಿ ಒಂದು ಟೇಬಲ್ಲು ಹಿಡಿದು ಕುಳಿತೆವು. ಯಾರಾದರೂ ಬಂದು ನೀರು ಇಡಲಿ ಎಂದು ಕಾಯ್ದೆವು. ನಮ್ಮ ಕಡೆಯ ಖಾನಾವಳಿಯಲ್ಲಾದರೆ ನೀವು ಪೂರ್ತಿ ಕೂಡುವ ಮುಂಚೆ ನೀರಿನ ಲೋಟ ಬಂದಿರುತ್ತದೆ, ತಂದವನ ಹೆಬ್ಬೆರಳಿನ ಸಮೇತ. ಇಲ್ಲಿ ಯಾರೂ ಬರಲಿಲ್ಲ. ಸುತ್ತಲಿನವರು ತಿನ್ನುತ್ತಿದ್ದರು, ನಗುತ್ತಿದ್ದರು, ನಾವು ಮದುವೆ ಮನೆಯಲ್ಲಿ ಕರೆಯದೆ ಬಂದವರ ಹಾಗೆ ಕುಳಿತಿದ್ದೆವು. ಕಡೆಗೆ ಎದ್ದು ಹೊರಬಂದು ಕಬ್ಬಿನ ಹಾಲು ಕುಡಿದೆವು. ತಾನೇ ಹೋಗಿ ಕೇಳಿ ತಂದುಕೊಳ್ಳಬೇಕು ಎಂಬುದು ನಮಗೆ ಹೊಳೆಯಲೇ ಇಲ್ಲ. ಆಮೇಲೆ ಎಷ್ಟೋ ವರ್ಷ ನಾನು ಆ ಅಂಗಡಿಯನ್ನು ಸ್ಟಾಫ್ ರೂಮಿನಲ್ಲಿ ಬೈಯುತ್ತಿದ್ದೆ. ಸಂಸ್ಕೃತಿ ಹಾಳಾಗುತ್ತದೆ ಎನ್ನುತ್ತಿದ್ದೆ. ನೀರು ಕೊಡಲಿಲ್ಲ ಎಂಬ ಸಿಟ್ಟು ಎಂದು ಯಾರಿಗೂ ಹೇಳಲಿಲ್ಲ.

ಮುಂದೆ ಅದು ಹುಬ್ಬಳ್ಳಿಗೂ ಬಂತು. ಶಿವಲೀಲಾ ಆಗ ಸಣ್ಣವಳು. ಹುಟ್ಟಿದ ಹಬ್ಬಕ್ಕೆ ಅಲ್ಲಿಗೇ ಹೋಗಬೇಕು, ಅಲ್ಲಿ ಆಟಿಕೆ ಕೊಡುತ್ತಾರೆ ಎಂದು ನೆಲಕ್ಕೆ ಬಿದ್ದು ಅತ್ತಳು. ಅಣ್ಣ ಬರಲೊಲ್ಲೆ ಎಂದ. "ಕೈ ತೊಳಿಯಂಗಿಲ್ಲ, ತಾಟ ಇಲ್ಲ, ಬಡಸಾವ್ರಿಲ್ಲ. ಅದೇನ ಊಟಾನ?" ನಾನೇ ಕರೆದುಕೊಂಡು ಹೋದೆ. ಆಲೂಗಡ್ಡೆಯದೊಂದು ತಿಂದೆ. ನಮ್ಮ ವಡಾಪಾವನ್ನು ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದಂತಿತ್ತು. ಸಮವಸ್ತ್ರ ಚೆಂದ, ಖಾರ ಸೊನ್ನೆ. ಹುಡುಗಿಗೆ ಮಾತ್ರ ಆಟಿಕೆಗಿಂತ ಹೆಚ್ಚು ಖುಷಿಯಾದದ್ದು ಕಸದ ಡಬ್ಬಿ. ಟ್ರೇ ಒಯ್ದು ಅದರ ಬಾಗಿಲನ್ನು ತಳ್ಳಿ ಎಲ್ಲ ಒಳಗೆ ಸುರಿಯುವುದು. "ಅತ್ತಿ, ಇಲ್ಲಿ ನಮ್ಮದು ನಾವ ಎತ್ತಬೇಕಂತ!" ಎಂದು ಕುಣಿದು, ಪಕ್ಕದ ಟೇಬಲ್ಲಿನವರ ಟ್ರೇಯನ್ನೂ ಒಯ್ದು ಸುರಿದು ಬಂದಳು.

ಮೂರನೆಯ ಹಂತಕ್ಕೆ ಕಾರಣ ನನ್ನ ಹಲ್ಲು. ಕಡಕ ರೊಟ್ಟಿ ಮುರಿಯುವ ಕೆಲಸಕ್ಕೆ ಎಡಗಡೆಯ ದವಡೆ ರಾಜೀನಾಮೆ ಕೊಟ್ಟಿತು. ಹಲ್ಲಿನ ಡಾಕ್ಟರರ ಬಳಿ ಹುಬ್ಬಳ್ಳಿಗೆ ಹೋದವಳಿಗೆ ಹಸಿವಾಯಿತು, ಎದುರಿಗೇ ಆ ಅಂಗಡಿ ಕಂಡಿತು. ಬನ್ನು ಬಾಯಲ್ಲಿ ಇಟ್ಟರೆ ತಾನಾಗಿಯೇ ಕರಗಿತು. ಬಯ್ದದ್ದಕ್ಕೆಲ್ಲ ಮನಸ್ಸಿನಲ್ಲೇ ತಪ್ಪಾಯಿತು ಅಂದೆ. ಅಲ್ಲಿಂದ ಮುಂದೆ ನನ್ನ ಹಲ್ಲಿನ ಚಿಕಿತ್ಸೆ ಬಹಳ ದಿನ ನಡೆಯಿತು. ಇಂಥ ಹಟಮಾರಿ ಹಲ್ಲು ಜಗತ್ತಿನಲ್ಲೇ ಇಲ್ಲ ಎಂದು ನಮ್ಮ ಯಜಮಾನರು ಈಗಲೂ ನಂಬಿದ್ದಾರೆ.

ಹೀಗೆ ಹಗೆಯಾಗಿ, ಹಾಸ್ಯವಾಗಿ, ಗುಟ್ಟಿನ ಗೆಳೆತನವಾಗಿ ಕಡೆಗೆ ಆ ಅಂಗಡಿ ಬೀಗರ ಜಗಳವಾಗಿ ನಮ್ಮ ಮನೆಗೆ ಬಂತು.

ಮ್ಯಾಂಚೆಸ್ಟರ್

ಅಣ್ಣ ಮಗಳಿಗೆಂದು ಬೆಳಗಾವಿಯ ಕುಂದಾ ಕಟ್ಟಿಸಿಕೊಂಡಿದ್ದ. ಮ್ಯಾಂಚೆಸ್ಟರಿನ ವಿಮಾನ ನಿಲ್ದಾಣದಿಂದ ಹೊರಬೀಳುವ ದಾರಿಯಲ್ಲಿ ಒಂದು ಬೋರ್ಡು. ಹಾಲಿನ ಪದಾರ್ಥ ಒಳಗೆ ತರುವಂತಿಲ್ಲ, ಇದ್ದರೆ ಇಲ್ಲೇ ಈ ಡಬ್ಬಿಗೆ ಹಾಕಿ ಹೋಗಿ ಎಂದು ಚಿತ್ರ ಸಮೇತ ಬರೆದಿತ್ತು. ಓದಿ ಹೇಳಿದೆ.

"ಕುಂದಾ ಕಸದ ಡಬ್ಬ್ಯಾಗ?" ಅಣ್ಣ ನನ್ನನ್ನೇ ದಿಟ್ಟಿಸಿದ, ಬೋರ್ಡು ಬರೆದವಳು ನಾನೇ ಎಂಬಂತೆ.

ಅವನು ಅಲ್ಲೇ ಒಂದು ಬೆಂಚಿನ ಮೇಲೆ ಕುಳಿತು ಗಂಟು ಬಿಚ್ಚಿದ. "ಕುಂಡರ. ತಿನ್ನು." ಜಗತ್ತಿನ ಜನವೆಲ್ಲ ಪೆಟ್ಟಿಗೆ ಎಳೆದುಕೊಂಡು ಮುಂದೆ ಹೋಗುತ್ತಿತ್ತು. ಅಣ್ಣ ತಂಗಿ ಇಬ್ಬರೂ ಇಂಗ್ಲೆಂಡಿನ ಹೊಸ್ತಿಲಲ್ಲಿ ಕುಳಿತು ಕುಂದಾ ತಿಂದೆವು. ಮೊದಲ ನಾಲ್ಕು ತುತ್ತು ಬಹಳ ರುಚಿಯಾಗಿತ್ತು. ಆಮೇಲಿನದು ಕರ್ತವ್ಯ. ಅಣ್ಣ ಡಬ್ಬಿಯ ಮೂಲೆಯನ್ನೂ ಬೆರಳಿನಿಂದ ಬಳಿದು ಬಾಯಿಗಿಟ್ಟು, ಖಾಲಿ ಡಬ್ಬಿಯನ್ನು ಅವರು ಹೇಳಿದ ಕಡೆ ಹಾಕಿ ಬಂದ.

"ಈಗ ಹೊಟ್ಯಾಗಿಂದ ಏನ ತಕ್ಕೋತಾರ ತಕ್ಕೊಳ್ಳಿ" ಎಂದ.

ಹೊರಗೆ ಕಾಯುತ್ತಿದ್ದ ಶಿವಲೀಲಾ ಅಪ್ಪನ ಕಾಲು ಮುಟ್ಟಿದಳು, ನನ್ನನ್ನು ತಬ್ಬಿದಳು, ಆಮೇಲೆ, "ಕುಂದಾ ತಂದೀರೇನ್ರಿ ಅಪ್ಪಾ?" ಎಂದಳು. ನಾವಿಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ಲೀಡ್ಸ್, ಅಂಗಡಿಯ ಹೊರಗೆ

ಲೀಡ್ಸಿನವರ ಒಂದು ಅಭ್ಯಾಸ ಅಣ್ಣನಿಗೆ ಹಿಡಿಸಿತು. ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ನಮ್ಮ ಬೈಲಹೊಂಗಲ–ಸವದತ್ತಿ ಬಸ್ಸಿನಲ್ಲಿ ಕಂಡಕ್ಟರನಿಗೆ ಹಾಗೆ ಹೇಳಿದರೆ, ಇವಳು ಟಿಕೆಟು ತೆಗೆಸಿಲ್ಲ ಎಂದು ಅನುಮಾನ ಪಟ್ಟಾನು. ಅಣ್ಣ ಮರುದಿನದಿಂದಲೇ ಇಳಿಯುವಾಗ ಡ್ರೈವರನ ಮುಂದೆ ನಿಂತು, ಎರಡೂ ಕೈ ಜೋಡಿಸಿ, "ಶರಣ್ರಿ" ಎಂದು ಬಾಗತೊಡಗಿದ. ಹಿಂದಿನ ಸಾಲು ತಾಳ್ಮೆಯಿಂದ ಕಾಯುತ್ತಿತ್ತು.

ನನ್ನ ಇಂಗ್ಲಿಷು ಮಾತ್ರ ಕೈಕೊಟ್ಟಿತು. ನಾನು ಕೇಳಿದ್ದು ಅವರಿಗೆ ತಿಳಿಯುತ್ತಿತ್ತು, ಅವರು ಹೇಳಿದ್ದು ನನಗೆ ತಿಳಿಯುತ್ತಿರಲಿಲ್ಲ. ಅದರ ಮೇಲೆ ಅಲ್ಲಿ ಡ್ರೈವರು, ತರಕಾರಿ ಮಾರುವವನು, ಟಿಕೆಟಿನವಳು ಎಲ್ಲರೂ ನನ್ನನ್ನು "ಲವ್" ಎಂದು ಕರೆಯುತ್ತಿದ್ದರು. ನಮ್ಮ ಯಜಮಾನರ ಬಾಯಿಂದ ಒಮ್ಮೆಯೂ ಬರದ ಮಾತು.

"ಏನಂದ ಅಂವಾ?" ಎಂದು ಅಣ್ಣ ಕೇಳಿದ.

"ತಾಯಿ ಅಂದ" ಎಂದೆ.

ಎರಡನೆಯ ಸಂಜೆ ಶಿವಲೀಲಾಳ ಅಂಗಡಿ ನೋಡಲು ಹೋದೆವು. ಅಣ್ಣ ಬಾಗಿಲವರೆಗೆ ಬಂದು ನಿಂತ. ಜೀವಮಾನದಲ್ಲಿ ಮೆಟ್ಟದ ಹೊಸ್ತಿಲು ಈಗಲೂ ಮೆಟ್ಟುವುದಿಲ್ಲ ಎಂದ. ಹೊರಗೆ ಕೊರೆಯುವ ಚಳಿ. ಧೋತರ, ತಲೆಗೆ ರುಮಾಲು, ಮೈತುಂಬ ಕರಿ ಕಂಬಳಿ ಹೊದ್ದು ಅಣ್ಣ ಗಾಜಿನ ಗೋಡೆಯ ಪಕ್ಕ ನಿಂತ. ಒಳಗೆ ಮಗಳು ಓಡಾಡುವುದು ಕಾಣುತ್ತಿತ್ತು. ಒಂದು ಟೇಬಲ್ಲು ಒರೆಸಿ ಇನ್ನೊಂದಕ್ಕೆ ಹೋಗುತ್ತಿದ್ದಳು. ಅಂಚಿನಿಂದ ಶುರುಮಾಡಿ ಸುತ್ತಿ ನಡುವಿಗೆ ತಂದು ಒಂದೇ ಸಲಕ್ಕೆ ಬಳಿದು ತೆಗೆಯುತ್ತಿದ್ದಳು.

ಬಹಳ ಹೊತ್ತು ನೋಡಿದ ಮೇಲೆ ಅಣ್ಣ, "ಅವರವ್ವನ ಕೈನ ಐತಿ ನೋಡ ಅಕಿಗೆ" ಎಂದ. ದನಿ ಸಣ್ಣದಾಗಿತ್ತು.

ಅಷ್ಟರಲ್ಲಿ ಅಂಗಡಿಯಿಂದ ಒಬ್ಬ ಮುದುಕಿ ಹೊರಬಂದಳು. ಎರಡು ಕೈಯಲ್ಲಿ ಎರಡು ಕಾಗದದ ಲೋಟ, ಬಿಸಿ ಬಿಸಿ ಚಹಾ. ಒಂದನ್ನು ಅಣ್ಣನ ಕೈಗಿಟ್ಟು, ಅವನ ತೋಳು ತಟ್ಟಿ, ಏನೋ ಅಂತಃಕರಣದ ಮಾತು ಹೇಳಿದಳು. ಇನ್ನೊಂದನ್ನು ಪಕ್ಕದಲ್ಲಿ ಗೋಡೆಗೊರಗಿ ಕಂಬಳಿ ಹೊದ್ದು ಕುಳಿತಿದ್ದ, ಮನೆಮಠ ಇಲ್ಲದ ಒಬ್ಬನಿಗೆ ಕೊಟ್ಟು ಹೋದಳು.

ಅಣ್ಣ ಚಹಾ ಕುಡಿದ. ತಳದಲ್ಲಿ ಉಳಿದದ್ದಕ್ಕೆ ಬಾಟಲಿಯ ನೀರು ಹಾಕಿ ಕಲಕಿ ಅದನ್ನೂ ಕುಡಿದ. "ಗುರ್ತಿಲ್ಲ, ಪರಿಚಯ ಇಲ್ಲ. ಬೀಗರ ಬಂದಾರ ಅಂತ ತಿಳದ ಉಪಚಾರ ಮಾಡಿದ್ಲ ನೋಡ. ಮಂದಿ ಚಲೋ ಅದಾರ ಇಲ್ಲಿ."

ಆ ಲೋಟದ ಮೇಲೆ ಅಂಗಡಿಯ ಗುರುತು ದೊಡ್ಡದಾಗಿಯೇ ಇತ್ತು. ಬೀಗರ ಉಪಚಾರ ಯಾವ ಬಗೆಯದು ಎಂಬುದೂ ನನಗೆ ತಿಳಿದಿತ್ತು. ಎರಡನ್ನೂ ಹೇಳಲಿಲ್ಲ. ಯರಗಟ್ಟಿಯ ಈರಪ್ಪನವರಿಗೆ ಇಂಥದ್ದನ್ನು ಹೇಳುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.

ಮನೆಗೆ ಬಂದ ಮೇಲೆ ತಂದೆ ಮಗಳ ಮಾತು ನಡೆಯಿತು. "ಓದು ಮುಗಿಯೂಮಟಾ ಬಿಡಂಗಿಲ್ರಿ ಅಪ್ಪಾ" ಎಂದಳು ಶಿವಲೀಲಾ. "ಬರೂ ತಿಂಗಳದಿಂದ ಹೊಸಾ ಮಂದಿಗೆ ಕೆಲಸಾ ಕಲಸು ಜವಾಬ್ದಾರಿ ನನಗ ಕೊಡತಾರ. ಯಾರ ವಶೀಲಿ ಇಲ್ಲದ, ಯಾರ ಮಗಳು ಅಂತ ಕೇಳದ ಕೊಟ್ಟಾರ. ನನಗ ಅದು ಸಣ್ಣದ ಅಲ್ಲ."

"ರಾಮದುರ್ಗದವರಿಗೆ ಏನ ಹೇಳಲಿ?"

"ಖರೇದ್ದ ಹೇಳ್ರಿ."

ಅಣ್ಣ ಕಂಬಳಿ ಮಡಚಿ ಇಟ್ಟ. "ನಾಳೆ ನಿಮ್ಮ ಸಾಹೇಬರನ್ನ ನಾನ ಕಾಣತೇನಿ. ಹುಡುಗಿ ಕೆಲಸಾ ಬಿಡತಾಳ ಅಂತ ನಾನ ಹೇಳತೇನಿ. ಕಮಲಾ ಇಂಗ್ಲಿಷಿನಾಗ ಹೇಳತಾಳ."

ನನ್ನ ಕೈಯಲ್ಲಿ ಕಲಿತ ಎಷ್ಟೋ ಹುಡುಗಿಯರು ಕೆಲಸ ಹಿಡಿದಿದ್ದಾರೆ. ಕಲಿಸಿದ ಇಂಗ್ಲಿಷಿನಿಂದ ಒಬ್ಬಳ ಕೆಲಸ ಬಿಡಿಸುವ ಯೋಗ ಮನೆಯ ಹುಡುಗಿಯಿಂದಲೇ ಬರಬೇಕಾಗಿತ್ತು. ಅವಳು ನನ್ನ ಮುಖವನ್ನೇ ನೋಡಿದಳು. ನಾನು ರೊಟ್ಟಿ ಲೆಕ್ಕ ಮಾಡುವವಳಂತೆ ಪೆಟ್ಟಿಗೆಯೊಳಗೆ ತಲೆ ಹಾಕಿದೆ.

ಲೀಡ್ಸ್, ಅಂಗಡಿಯ ಒಳಗೆ

ಮರುದಿನ ಜಿಟಿಜಿಟಿ ಮಳೆ. ಹೊರಗೆ ನಿಲ್ಲುವ ಹಾಗಿರಲಿಲ್ಲ, ಒಳಗೆ ಕೆಲಸವೂ ಇತ್ತು. ಅಣ್ಣ ಎದೆಯ ಮೇಲಿನ ಲಿಂಗವನ್ನು ಅಂಗಿಯ ಮೇಲಿಂದಲೇ ಮುಟ್ಟಿಕೊಂಡು ಬಲಗಾಲು ಮುಂದಿಟ್ಟು ಹೊಸ್ತಿಲು ದಾಟಿದ. ಮೂಲೆಯ ಟೇಬಲ್ಲಿಗೆ ಕುಳಿತೆವು. ಅವನ ಕೈಚೀಲ ತೊಡೆಯ ಮೇಲೆ. ಶಿವಲೀಲಾ ದೂರದಿಂದ ನೋಡಿದಳು, ಕೆಲಸ ಮುಂದುವರಿಸಿದಳು. ಮ್ಯಾನೇಜರ್ ಬರುವವರೆಗೆ ಕಾಯಬೇಕಿತ್ತು. ಮುಂಬಯಿಯಲ್ಲಿ ನೀರಿಗಾಗಿ ಕಾಯ್ದದ್ದು ನೆನಪಾಯಿತು.

ಪಕ್ಕದ ಟೇಬಲ್ಲಿನಲ್ಲಿ ಮೂವರು ಹುಡುಗರು. ಅವರಲ್ಲೊಬ್ಬ, ಕಟ್ಟುಮಸ್ತಾದ ಎತ್ತರದ ಆಳು, ಎದ್ದು ನಿಂತ. ಅವನ ಟ್ರೇಯಲ್ಲಿ ಕರಿದ ಆಲೂಗಡ್ಡೆಯ ಪೊಟ್ಟಣ ಅರ್ಧ ಹಾಗೇ ಇತ್ತು.

ಅಣ್ಣ ಕೈ ಚಾಚಿ ಅವನ ತೋಳು ಹಿಡಿದ. "ತಮ್ಮಾ, ಕುಂಡರ. ಉಳದೈತಿ."

ಹುಡುಗ ಅಣ್ಣನ ರುಮಾಲು ನೋಡಿದ, ಹಣೆಯ ವಿಭೂತಿ ನೋಡಿದ, ನನ್ನನ್ನು ನೋಡಿದ. ಅಣ್ಣ ಕೈ ಬಿಡಲಿಲ್ಲ. "ತಾಟಿನಾಗ ಬಿಟ್ಟ ಏಳತಾರೇನ? ಕಮಲಾ, ಹೇಳ ಅವಗ."

ಆ ಕ್ಷಣದಲ್ಲಿ ಯೋಚಿಸಿದ್ದರೆ ನಾನು ಕ್ಷಮೆ ಕೇಳುತ್ತಿದ್ದೆ. ಯೋಚಿಸಲಿಲ್ಲ. ಬಾಯಿಂದ ಬಂದದ್ದು ಬೈಲಹೊಂಗಲದ ಎಂಟನೆಯ ತರಗತಿಯ ದನಿ: "ಸಿಟ್ ಡೌನ್. ಫಿನಿಷ್ ಇಟ್."

ಅವನು ಕುಳಿತ. ಒಂದೊಂದೇ ಕಡ್ಡಿ ಎತ್ತಿ ಬಾಯಿಗಿಟ್ಟುಕೊಂಡು, ಅಣ್ಣನ ಕಡೆ ನೋಡುತ್ತಾ ಪೊಟ್ಟಣ ಮುಗಿಸಿದ. ಅವನ ಗೆಳೆಯರು ನಗಲೂ ಆಗದೆ ಹೋಗಲೂ ಆಗದೆ ನಿಂತಿದ್ದರು. ಕಡೆಗೆ ಅಣ್ಣ ಅವನ ಬೆನ್ನು ಚಪ್ಪರಿಸಿ, "ಶಾಣ್ಯಾ ಅದಿ" ಎಂದ. ಹುಡುಗ ಟ್ರೇಯನ್ನು ತಾನೇ ಒಯ್ದು ಇಟ್ಟು ಹೋದ. ಇಂಗ್ಲೆಂಡಿಗೆ ಬಂದ ಮೇಲೆ ನನ್ನ ಇಂಗ್ಲಿಷು ಕೆಲಸಕ್ಕೆ ಬಂದದ್ದು ಅದೇ ಮೊದಲು.

ಅಂಗಡಿಯೆಲ್ಲ ನಮ್ಮ ಕಡೆ ನೋಡುತ್ತಿತ್ತು. ಶಿವಲೀಲಾ ಬಿರಬಿರನೆ ಬಂದಳು. ಮುಖ ಕೆಂಪಾಗಿತ್ತು. "ಅಪ್ಪಾ, ಇದು ಮಠ ಅಲ್ರಿ. ನಾ ಕೆಲಸಾ ಮಾಡು ಜಾಗಾ." ಅವಳ ಹಿಂದೆಯೇ ಮ್ಯಾನೇಜರ್ ಬಂದಳು. ಗಿಡ್ಡ ಕೂದಲಿನ ನಡುವಯಸ್ಸಿನ ಹೆಂಗಸು. ಏನಾಯಿತು, ಇವರು ಯಾರು ಎಂದು ಕೇಳಿದಳು.

ಶಿವಲೀಲಾ ಗೊತ್ತಿಲ್ಲ ಎಂದಿದ್ದರೆ ನಾನು ಬೇಸರ ಪಡುತ್ತಿರಲಿಲ್ಲ. ಯಾರೋ ನಮ್ಮ ದೇಶದವರು, ಹೊರಗೆ ಕಳಿಸುತ್ತೇನೆ ಎಂದಿದ್ದರೆ ಅವಳ ಕೆಲಸಕ್ಕೆ ಅದೇ ಒಳ್ಳೆಯದಿತ್ತು. ಅವಳು ಅಪ್ಪನ ಹೆಗಲ ಮೇಲೆ ಕೈ ಇಟ್ಟಳು. ಅಂಗಡಿಯವರೆಲ್ಲ ಕೇಳುವಂತೆ ಒಂದು ವಾಕ್ಯ ಹೇಳಿದಳು.

"ಏನಂದ್ಲು?" ಅಣ್ಣ ನನ್ನನ್ನು ಕೇಳಿದ.

"ಇವರು ನಮ್ಮಪ್ಪ ಅಂದ್ಲು."

ಯರಗಟ್ಟಿಯ ಬಸ್ ಸ್ಟ್ಯಾಂಡಿನಲ್ಲಿ, ಸವದತ್ತಿಯ ಪಂಕ್ತಿಯಲ್ಲಿ, ಬೀಗರ ಮುಂದೆ, ಎಲ್ಲ ಕಡೆ ಅಣ್ಣ ಮಗಳನ್ನು ಆಫೀಸಿನಲ್ಲಿ ಕೂಡಿಸಿದ್ದ. ಅವಳು ತನ್ನ ಜನರ ನಡುವೆ, ಕಂಬಳಿ ಹೊದ್ದು ಗದ್ದಲ ಎಬ್ಬಿಸಿದ ಅವನನ್ನು, ಇದ್ದ ಹಾಗೆಯೇ ಅಪ್ಪ ಎಂದಳು. ಅಣ್ಣನಿಗೆ ಏನಾಯಿತೋ ಅವನು ಹೇಳಿಲ್ಲ, ನಾನು ಕೇಳಿಲ್ಲ.

ಮ್ಯಾನೇಜರ್ ನಗುತ್ತ ಕೈ ಚಾಚಿದಳು. ಏನಾದರೂ ಬೇಕಾಗಿತ್ತೇ ಎಂದು ಕೇಳಿದಳು. ಇದೇ ಸಮಯ.

"ಹೇಳಲೇನ ಅಣ್ಣಾ?" ಎಂದೆ.

ಅಣ್ಣ ಕೈಚೀಲದ ಬಾಯಿ ಬಿಚ್ಚಿದ. ಒಳಗಿಂದ ಸ್ಟೀಲಿನ ತಾಟು ತೆಗೆದು ಟೇಬಲ್ಲಿನ ಮೇಲಿಟ್ಟ. "ಆ ಬಟಾಟಿ ಕರಿಯೂ ಎಣ್ಣಿ ಬ್ಯಾರೆ ಐತೇನವಾ?" ಎಂದು ಮಗಳನ್ನು ಕೇಳಿದ.

"ಬ್ಯಾರೆ ಐತ್ರಿ. ಅದರಾಗ ಬ್ಯಾರೆ ಏನೂ ಕರಿಯಂಗಿಲ್ಲ. ನಾನ ಕರೀತೇನಲ್ರಿ."

"ಹಂಗಾರ ತಂದ ನೀಡ."

ನಾನು ಮ್ಯಾನೇಜರಿಗೆ, ನಮ್ಮ ಅಣ್ಣನಿಗೆ ಹಸಿವಾಗಿದೆ ಎಂದೆ. ಇಷ್ಟು ದೂರ ಬಂದು ಮ್ಯಾನೇಜರಿಗೆ ನಾನು ಮಾಡಿದ ಅನುವಾದ ಅದೊಂದೇ.

ಶಿವಲೀಲಾ ತಂದು ತಾಟಿಗೆ ಸುರಿದಳು. ಅಣ್ಣ ಶೇಂಗಾ ಚಟ್ನಿ ಬಿಚ್ಚಿ ಪಕ್ಕಕ್ಕೆ ಹಾಕಿಕೊಂಡು, ಒಂದೊಂದನ್ನೇ ಅದರಲ್ಲಿ ಅದ್ದಿ ತಿಂದ. ಉಪ್ಪು ಹೆಚ್ಚಾಯಿತು ಎಂದ. ಇನ್ನಷ್ಟು ನೀಡಿಸಿಕೊಂಡ. ನಾನೂ ಒಂದು ಬನ್ನು ತರಿಸಿಕೊಂಡು ಬಹಿರಂಗವಾಗಿ ತಿಂದೆ. ಗುಟ್ಟಾಗಿ ತಿಂದಾಗಿನ ರುಚಿ ಇರಲಿಲ್ಲ, ಆದರೂ ಬಿಡಲಿಲ್ಲ. ಕಡೆಗೆ ಅಣ್ಣ ತಾಟಿಗೆ ನೀರು ಹಾಕಿ, ಚಟ್ನಿ ಉಪ್ಪು ಎಲ್ಲ ಬೆರಳಿನಿಂದ ತೊಳೆದು, ಎತ್ತಿ ಕುಡಿದ. ಆಚೆ ಟೇಬಲ್ಲಿನ ಒಂದು ಮಗು ಅದನ್ನು ನೋಡಿ ತನ್ನ ಪೊಟ್ಟಣಕ್ಕೂ ನೀರು ಹಾಕಿತು. ಅದರ ತಾಯಿ ಓಡಿಬಂದಳು.

ಅಣ್ಣ ಎದ್ದು, ಕೈ ಒರೆಸಿಕೊಂಡು, ಬಾಗಿಲ ಕಡೆ ನಡೆದ. ತಾಟು ಟೇಬಲ್ಲಿನ ಮೇಲೇ ಇತ್ತು. ಮನೆಯಲ್ಲೂ ಹೀಗೆಯೇ. ತಾಟು ಲಕಲಕ ಹೊಳೆಯುತ್ತಿರುತ್ತದೆ, ಅವನು ಎದ್ದು ಹೋಗಿರುತ್ತಾನೆ. ನಾನು ಕೈ ಹಾಕುವಷ್ಟರಲ್ಲಿ ಶಿವಲೀಲಾ ಅದನ್ನು ಎತ್ತಿಕೊಂಡು ಅವನ ಹಿಂದೆ ಹೋದಳು.

ಅಣ್ಣ ತಿರುಗಿ ನೋಡಿದ. ಟೊಪ್ಪಿಗೆ ಹಾಕಿಕೊಂಡ ಮಗಳು, ಅವಳ ಕೈಯಲ್ಲಿ ತನ್ನ ತಾಟು.

"ಹಗುರ ಐತೇನವಾ?" ಎಂದ.

"ಹಗುರ ಐತ್ರಿ ಅಪ್ಪಾ."

ಅವನು ತಾಟು ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡ. ಆಮೇಲೆ ಆ ವಿಷಯ ಎತ್ತಲೇ ಇಲ್ಲ, ಬಿಡಿಸುತ್ತೇನೆ ಎನ್ನಲೂ ಇಲ್ಲ, ಇರಲಿ ಎನ್ನಲೂ ಇಲ್ಲ. ಬರುವಾಗ ವಿಮಾನದಲ್ಲಿ ಪೂರ್ತಿ ಮಲಗಿದ. ರಾಮದುರ್ಗದವರಿಗೆ ಏನು ಹೇಳುತ್ತಾನೋ ಎಂಬ ಚಿಂತೆಯಲ್ಲಿ ನನಗೆ ನಿದ್ದೆ ಬರಲಿಲ್ಲ.

ಮತ್ತೆ ಯರಗಟ್ಟಿ

ನಾವು ಬಂದ ಸುದ್ದಿ ತಿಳಿದು ರಾಮದುರ್ಗದವರು ಬಂದರು. ಹುಡುಗನ ಅಪ್ಪ, ಜೊತೆಗೆ ಮಹಾಂತೇಶ. ವೈನಿ ಹೋಳಿಗೆ ಮಾಡಿದ್ದಳು. ಪಡಸಾಲೆಯಲ್ಲಿ ಅವರಿಬ್ಬರಿಗೂ ಅಣ್ಣನಿಗೂ ಬಡಿಸಿದೆ. ಮುಖ್ಯ ಮಾತು ಊಟದ ನಂತರ ಎಂಬುದು ನಮ್ಮ ಕಡೆಯ ಪದ್ಧತಿ. ಹೊಟ್ಟೆ ತುಂಬಿದ ಮೇಲೆ ಸಂಬಂಧ ಮುರಿಯುವುದು ಅಷ್ಟು ಸುಲಭವಲ್ಲ.

ಅಣ್ಣ ಎಂದಿನಂತೆ ತಾಟು ತೊಳೆದು ಕುಡಿದ. ಮಹಾಂತೇಶನ ತಾಟಿನಲ್ಲಿ ಏನೂ ಉಳಿದಿರಲಿಲ್ಲ. ಅವನ ಅಪ್ಪನ ತಾಟಿನಲ್ಲಿ ಒಂದೂವರೆ ಹೋಳಿಗೆ ಉಳಿದಿತ್ತು.

"ಮತ್ತ, ಬಿಡಿಸಿ ಬಂದ್ರಿಲ್ರಿ ಈರಪ್ಪನವರ?" ಎಂದು ಹುಡುಗನ ಅಪ್ಪ ಕೇಳಿದರು.

"ಇಲ್ರಿ" ಎಂದ ಅಣ್ಣ. "ಆಫೀಸಿನಾಗ ಅದಾಳ ಅಂತ ಹೇಳತಿದ್ದೆ, ಅದು ಸುಳ್ಳ. ಎಂಜಲಾನ ಎತ್ತತಾಳ. ಕಣ್ಣಾರೆ ನೋಡಿ ಬಂದೇನಿ. ನನ್ನ ತಾಟೂ ಅಕಿನ ಎತ್ತಿದ್ಲು. ಚಂದ ಕೆಲಸಾ ಮಾಡತಾಳ. ಓದು ಮುಗಿಯೂಮಟಾ ಮಾಡತಾಳ."

ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಕೈಯ ಸೌಟು ಹಾಗೇ ನಿಂತಿತು.

"ಮಂದೀದು ಎತ್ತೂದ ಬ್ಯಾರೆ, ಮನೀದು ಎತ್ತೂದ ಬ್ಯಾರೆ" ಎಂದರು ಅವರು. "ಮನ್ಯಾಗ ಹೆಣಮಕ್ಕಳು ಎತ್ತತಾರ. ಅದು ಮರ್ಯಾದಿ ಮಾತ."

ಅಣ್ಣ ಅವರ ತಾಟಿನಲ್ಲಿ ಉಳಿದ ಹೋಳಿಗೆ ನೋಡಿದ. ತೋಳು ಹಿಡಿದು ಕೂಡಿಸಿಯೇ ಬಿಡುತ್ತಾನೆ ಎಂದು ನನಗೆ ಜೀವ ಹಾರಿತು. ಆದರೆ ಅವನಿಗಿಂತ ಮೊದಲು ಮಹಾಂತೇಶ ಎದ್ದು ನಿಂತ. ತನ್ನ ತಾಟು ಎತ್ತಿಕೊಂಡಿದ್ದ. ಕಿವಿ ಕೆಂಪಾಗಿತ್ತು, ಅಪ್ಪನ ಕಡೆ ನೋಡಲಿಲ್ಲ.

"ಇದನ್ನ ಎಲ್ಲಿ ಇಡಬೇಕ್ರಿ?" ಎಂದು ಅಣ್ಣನನ್ನು ಕೇಳಿದ.

ಅಣ್ಣ ಪಡಸಾಲೆಯ ಆ ಮೂಲೆ ನೋಡಿದ, ಈ ಮೂಲೆ ನೋಡಿದ. ಹುಟ್ಟಿ ಬೆಳೆದ ಮನೆ. ಎಷ್ಟು ಸಾವಿರ ಊಟ ಆ ಜಾಗದಲ್ಲಿ ಉಂಡಿದ್ದಾನೋ. ಕಡೆಗೆ ನನ್ನ ಕಡೆ ತಿರುಗಿದ.

"ಎಲ್ಲಿ ಇಡತಾರ ಕಮಲಾ ಇವನ್ನ?"

"ಹಿತ್ತಲದಾಗ ಬಚ್ಚಲ ಕಟ್ಟಿ ಮ್ಯಾಲ" ಎಂದೆ. "ಬರ್ರಿ, ತೋರಸತೇನಿ."

ಅಣ್ಣ ಬಗ್ಗಿ ತನ್ನ ತಾಟು ಎತ್ತಿಕೊಂಡ. ಇಬ್ಬರೂ ನನ್ನ ಹಿಂದೆ ಅಡುಗೆ ಮನೆ ದಾಟಿ ಹಿತ್ತಲಿಗೆ ಬಂದರು. ಪಾತ್ರೆ ತಿಕ್ಕಲು ಕುಳಿತಿದ್ದ ವೈನಿ, ತಾಟು ಹಿಡಿದು ನಿಂತ ಗಂಡನನ್ನೂ ಆಗಬೇಕಾದ ಅಳಿಯನನ್ನೂ ನೋಡಿ, ಬೂದಿ ಹತ್ತಿದ ಕೈಯಲ್ಲೇ ಗಾಬರಿಯಿಂದ ಎದ್ದು ನಿಂತಳು.

"ಯಾಕ್ರಿ, ಏನಾತ್ರಿ?" ಎಂದಳು. "ಅಡಗಿ ಸೇರಲಿಲ್ಲೇನ್ರಿ?"